ಕಥೆ ನನಗೆ ಗೊತ್ತು, ನಿನಗೆ ಕಂಡದ್ದು ಹೇಳು

ಕಳೆದ ವಾರ ಆಂತರಿಕ ಪರೀಕ್ಷೆಯ 62 ಉತ್ತರ ಪತ್ರಿಕೆಗಳನ್ನು ಮನೆಗೆ ಹೊತ್ತು ತಂದೆ. ಪದವಿಯ ಮೊದಲ ವರ್ಷದ ಮಕ್ಕಳು, ಇಂಗ್ಲಿಷ್ ಪತ್ರಿಕೆ. ಪಾಠ ಆರ್.ಕೆ. ನಾರಾಯಣ್ ಅವರ ‘ಆ್ಯನ್ ಆಸ್ಟ್ರಾಲಜರ್ಸ್ ಡೇ’. ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಕಥೆಯಲ್ಲಿ ಬೆಳಕೂ ಕತ್ತಲೆಯೂ ಏನು ಕೆಲಸ ಮಾಡುತ್ತವೆ? ಬಂಡಲ್ ಬಿಚ್ಚಿ ಕೂತಾಗ ರಾತ್ರಿ ಎಂಟು ಗಂಟೆ. ಹತ್ತು ಗಂಟೆಯ ಹೊತ್ತಿಗೆ ಅದೇ ಕಥೆಯನ್ನು ಐವತ್ತು ಸಲ ಓದಿದ್ದೆ. ನಾರಾಯಣ್ ಎಲ್ಲಿ ಹುಟ್ಟಿದರು, ಎಷ್ಟು ದೊಡ್ಡ ಲೇಖಕರು ಎಂದು ಒಂದು ಪ್ಯಾರಾ. ಆಮೇಲೆ ಜೋಯಿಸ ಬಂದ, ಮರದಡಿ ಕೂತ, ಗಿರಾಕಿ ಬಂದ, ಜಗಳವಾಯಿತು, ಮನೆಗೆ ಹೋದ. ಕೊನೆಗೆ, ಬೆಳಕು ಮತ್ತು ಕತ್ತಲೆ ಈ ಕಥೆಯಲ್ಲಿ ತುಂಬಾ ಮುಖ್ಯವಾಗಿವೆ ಎಂಬ ಒಂದು ಸಾಲು. ಪ್ರಶ್ನೆಗೆ ಉತ್ತರ ಎಂದು ಇದ್ದದ್ದು ಆ ಸಾಲೊಂದೇ. ಅದೂ ಪ್ರಶ್ನೆಯನ್ನೇ ತಿರುಗಿಸಿ ಬರೆದದ್ದು.

ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಪಿಯುಸಿ ಮುಗಿಯುವವರೆಗೂ ನಾವು ಕಲಿಸಿದ್ದು ಇದನ್ನೇ. ಗೈಡಿನಲ್ಲಿ ಸಾರಾಂಶ ಇರುತ್ತದೆ, ಅದನ್ನು ಬಾಯಿಪಾಠ ಮಾಡಿದರೆ ಆರು ಅಂಕಕ್ಕೆ ನಾಲ್ಕಾದರೂ ಬೀಳುತ್ತದೆ. ಈಗ ಗೈಡಿನ ಜಾಗಕ್ಕೆ ಮೊಬೈಲ್ ಬಂದಿದೆ, ಬಂದರೂ ಸಾರಾಂಶ ಸಾರಾಂಶವೇ. ಹಾಗಾಗಿ ಪದವಿಗೆ ಬಂದು ‘ವಿಶ್ಲೇಷಣಾತ್ಮಕ ಪ್ರಬಂಧ ಬರೆಯಿರಿ’ ಎಂಬ ಅಸೈನ್‌ಮೆಂಟ್ ಕೈಗೆ ಬಿದ್ದಾಗ ಅವರು ಮೊದಲು ಮಾಡುವುದು ಸಾರಾಂಶವನ್ನು ಉದ್ದ ಮಾಡುವುದು. ಮಾರ್ಜಿನ್ನಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಪ್ರತಿ ವರ್ಷ ಬರೆಯುವ ಮಾತು ಒಂದೇ: ಕಥೆ ನನಗೆ ಗೊತ್ತು, ನಿನಗೆ ಕಂಡದ್ದು ಹೇಳು.

ಆ 62ರಲ್ಲಿ ಒಂದು ಪತ್ರಿಕೆ ಬೇರೆ ಥರ ಇತ್ತು. ಇಂಗ್ಲಿಷ್ ಅಷ್ಟಕ್ಕಷ್ಟೆ, ಕ್ರಿಯಾಪದಗಳು ಎಲ್ಲೆಂದರಲ್ಲಿ ಮುರಿದಿದ್ದವು. ಆದರೆ ಎರಡನೇ ಸಾಲಿನಲ್ಲೇ ಆ ಹುಡುಗಿ ಬರೆದಿದ್ದಳು: ಈ ಜೋಯಿಸನ ಹತ್ತಿರ ಸ್ವಂತ ದೀಪವೇ ಇಲ್ಲ. ನಾನು ಪೆನ್ನು ಕೆಳಗಿಟ್ಟೆ. ಮಾರನೇ ದಿನ ತರಗತಿ ಮುಗಿದ ಮೇಲೆ ಅವಳನ್ನು ಕರೆದು, ಇದು ನಿನಗೆ ಹೇಗೆ ಹೊಳೆಯಿತಮ್ಮಾ ಎಂದು ಕೇಳಿದೆ. “ನಮ್ಮಮ್ಮ ಬಸ್ ಸ್ಟ್ಯಾಂಡಲ್ಲಿ ಹೂ ಮಾರ್ತಾರೆ ಸರ್. ಪಕ್ಕದ ಬೇಕರಿ ಲೈಟಲ್ಲೇ ಕಟ್ಟೋದು. ಅವರು ಶಟರ್ ಎಳೆದ್ರೆ ನಾವೂ ಎದ್ದು ಬರಬೇಕು” ಎಂದಳು. ಸಾಹಿತ್ಯ ವಿಶ್ಲೇಷಣೆ ಎಂದರೆ ಏನು ಎಂದು ಈ ಅಂಕಣದಲ್ಲಿ ಬರೆಯಬೇಕು ಅನ್ನಿಸಿದ್ದು ಆ ಕ್ಷಣದಲ್ಲಿ.

ಕಥೆ ಓದದವರಿಗಾಗಿ ನಾಲ್ಕು ಮಾತು. ಊರಿನ ಟೌನ್ ಹಾಲ್ ಪಾರ್ಕಿನ ದಾರಿಯ ಪಕ್ಕ, ಹುಣಸೆ ಮರದ ಕೆಳಗೆ ಒಬ್ಬ ಜೋಯಿಸ ಕೂರುತ್ತಾನೆ. ಕವಡೆ, ತಾಳೆಗರಿಯ ಕಟ್ಟು, ಹಣೆಗೆ ವಿಭೂತಿ ಕುಂಕುಮ, ತಲೆಗೆ ಕಾವಿ ರುಮಾಲು. ಜ್ಯೋತಿಷ ಅವನಿಗೆ ಬರುವುದಿಲ್ಲ, ಜನರ ಮುಖ ಓದುವುದು ಬರುತ್ತದೆ. ಒಂದು ರಾತ್ರಿ ಅಂಗಡಿ ಕಟ್ಟುವ ಹೊತ್ತಿಗೆ ಗುರು ನಾಯಕ್ ಎಂಬ ಅಪರಿಚಿತ ಬಂದು, ತಾನು ಹುಡುಕುತ್ತಿರುವ ಮನುಷ್ಯ ಸಿಗುತ್ತಾನೋ ಇಲ್ಲವೋ ಹೇಳು ಎಂದು ಪಟ್ಟು ಹಿಡಿಯುತ್ತಾನೆ. ನಿನಗೆ ಚೂರಿ ಹಾಕಿ ಬಾವಿಗೆ ತಳ್ಳಿದ್ದರು, ನಿನ್ನ ಹೆಸರು ಗುರು ನಾಯಕ್ ಎಂದು ಜೋಯಿಸ ನಿಖರವಾಗಿ ಹೇಳುತ್ತಾನೆ. ನಿನ್ನ ಶತ್ರು ಲಾರಿಗೆ ಸಿಕ್ಕಿ ಸತ್ತ, ಊರಿಗೆ ಹೋಗು, ಮತ್ತೆ ಈ ಕಡೆ ಬರಬೇಡ ಎಂದು ಕಳಿಸುತ್ತಾನೆ. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಗುಟ್ಟು ತಿಳಿಯುತ್ತದೆ: ಚೂರಿ ಹಾಕಿದವನು ಈ ಜೋಯಿಸನೇ. ಇಷ್ಟೇ ಕಥೆ, ನಾಲ್ಕೈದು ಪುಟ. 1982ರ ‘ಮಾಲ್ಗುಡಿ ಡೇಸ್’ ಸಂಕಲನ ಶುರುವಾಗುವುದೇ ಇದರಿಂದ.

ಈಗ ಆ ಹುಡುಗಿ ಕಂಡದ್ದನ್ನು ಹಿಡಿದು ಮುಂದೆ ಹೋಗೋಣ. ಆ ದಾರಿಯಲ್ಲಿ ಮುನಿಸಿಪಾಲಿಟಿಯ ದೀಪ ಇಲ್ಲ. ಇರುವ ಬೆಳಕೆಲ್ಲ ಅಂಗಡಿಗಳದ್ದು: ಒಂದೆರಡು ಕಡೆ ಬುಸುಗುಟ್ಟುವ ಗ್ಯಾಸ್‌ಲೈಟು, ಕೆಲವು ಕಡೆ ಕೋಲಿಗೆ ಕಟ್ಟಿದ ಪಂಜು, ಇನ್ನು ಕೆಲವು ಕಡೆ ಹಳೇ ಸೈಕಲ್ ದೀಪ. ಜೋಯಿಸ ಕೂರುವುದು ಕಡಲೆಕಾಯಿ ಮಾರುವವನ ಪಂಜಿನ ಬೆಳಕಿನಲ್ಲಿ. ಅವನು ಪಂಜು ಆರಿಸಿದರೆ ಜೋಯಿಸನೂ ಗಂಟು ಕಟ್ಟಬೇಕು. ಇಷ್ಟನ್ನು ಬರೆದರೆ ಅದು ಗಮನಿಸಿದ್ದು. ಒಳ್ಳೆಯ ಆರಂಭ, ಆದರೆ ಪ್ರಬಂಧ ಇನ್ನೂ ಹುಟ್ಟಿಲ್ಲ. ಗಮನಿಸಿದ್ದಕ್ಕೆ ‘ಯಾಕೆ’ ಎಂಬ ಪ್ರಶ್ನೆ ಹಚ್ಚಬೇಕು. ದೀಪ ಕೊಳ್ಳಲು ಕಾಸಿಲ್ಲವೇ? ಅಥವಾ ಬೆಳಕು ಜಾಸ್ತಿ ಇದ್ದರೆ ಅವನ ಕಸುಬಿಗೆ ತೊಂದರೆಯೇ? ಅರೆಬೆಳಕಿನಲ್ಲಿ ವಿಭೂತಿ, ರುಮಾಲು, ಹೊಳೆಯುವ ಕಣ್ಣು ಗಂಭೀರವಾಗಿ ಕಾಣುತ್ತವೆ. ಅವನ ಕಣ್ಣಿನ ಹೊಳಪಾದರೂ ಎಂಥದು? ಅದು ಗಿರಾಕಿಗಾಗಿ ಸದಾ ಹುಡುಕುವ ಕಣ್ಣಿನ ಹೊಳಪು, ಜನ ಅದನ್ನು ದಿವ್ಯದೃಷ್ಟಿ ಎಂದುಕೊಳ್ಳುತ್ತಾರೆ ಎಂದು ಕಥೆಯೇ ಹೇಳುತ್ತದೆ. ಅಲ್ಲಿಗೆ ಬೆಳಕು ಎಂಬ ಮಾತಿಗೆ ಈ ಕಥೆಯಲ್ಲಿ ಸರಳವಾದ ಅರ್ಥ ಉಳಿಯಲಿಲ್ಲ.

ಬಹಳ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ‘ಬೆಳಕು ಸತ್ಯದ ಸಂಕೇತ, ಕತ್ತಲೆ ಅಜ್ಞಾನದ ಸಂಕೇತ’ ಎಂದು ಬರೆದು ಮುಗಿಸುತ್ತಾರೆ. ಇದನ್ನು ಯಾವ ಕಥೆಗೆ ಬೇಕಾದರೂ ಅಂಟಿಸಬಹುದು. ಅಂಟಿಸಬಹುದು ಎಂಬುದೇ ಅದರ ದೋಷ. ಈ ಕಥೆಯಲ್ಲಿ ಬೆಳಕು ಏನು ಮಾಡುತ್ತದೆ ನೋಡಿ. ಗುರು ನಾಯಕ್ ಬರುವ ಹೊತ್ತಿಗೆ ಕಡಲೆಕಾಯಿಯವನು ಪಂಜು ಆರಿಸಿ ಹೊರಟಿದ್ದಾನೆ. ಕತ್ತಲು. ಮಾತಿನ ನಡುವೆ ಗುರು ನಾಯಕ್ ಚುಟ್ಟಾ ಹಚ್ಚಲು ಬೆಂಕಿಕಡ್ಡಿ ಗೀರುತ್ತಾನೆ. ಆ ಒಂದು ಕ್ಷಣದ ಬೆಳಕಿನಲ್ಲಿ ಜೋಯಿಸ ಅವನ ಮುಖ ನೋಡುತ್ತಾನೆ. ಅಲ್ಲಿಂದ ಜೋಯಿಸನ ಧೋರಣೆಯೇ ಬದಲು. ಅದುವರೆಗೆ ಗಿರಾಕಿಯ ಸವಾಲಿಗೆ ಎದೆ ಕೊಡುತ್ತಿದ್ದವನು ಕಾಸು ವಾಪಸು ತೆಗೆದುಕೋ, ನನ್ನನ್ನು ಬಿಡು ಎನ್ನುತ್ತಾನೆ. ಅಂದರೆ ಬೆಳಕು ನಿಜವನ್ನು ತೋರಿಸಿದ್ದು ಹೌದು, ಆದರೆ ಯಾರಿಗೆ? ನಿಜ ಹುಡುಕಿಕೊಂಡು ಊರೂರು ಅಲೆದವನಿಗಲ್ಲ, ಸುಳ್ಳು ಹೇಳಿ ಬದುಕುವವನಿಗೆ. ಹುಡುಕುವವನ ಕೈಯಲ್ಲೇ ಬೆಂಕಿಕಡ್ಡಿ ಇತ್ತು, ಅವನಿಗೆ ಏನೂ ಕಾಣಲಿಲ್ಲ.

ಇಲ್ಲಿಗೆ ಬಂದಾಗ ನಮ್ಮ ಕೈಗೆ ಒಂದು ವಾದ ಸಿಗುತ್ತದೆ. ಇಂಗ್ಲಿಷ್ ಮೇಷ್ಟ್ರುಗಳು ಥೀಸಿಸ್ ಸ್ಟೇಟ್‌ಮೆಂಟ್ ಎಂದು ಹೇಳಿ ಹೆದರಿಸುವುದು ಇದಕ್ಕೇ. ಹೆದರುವಂಥದ್ದೇನೂ ಇಲ್ಲ, ಅದು ಒಂದು ವಾಕ್ಯ. ಉದಾಹರಣೆಗೆ: ಎರವಲು ಬೆಳಕಿನಲ್ಲಿ ಸುಳ್ಳು ಹೇಳಿ ಬದುಕುವ ಜೋಯಿಸ ತನ್ನ ಕಸುಬಿನಲ್ಲಿ ಮೊದಲ ಸಲ ನಿಜವನ್ನೇ ನುಡಿಯುವುದು ನಕ್ಷತ್ರಗಳ ಬಲದಿಂದಲ್ಲ, ತನ್ನ ಅಪರಾಧದ ನೆನಪಿನಿಂದ, ಕತ್ತಲೆ ಅವನ ಮೋಸಕ್ಕೆ ಆಸರೆಯಾದಂತೆ ಅವನ ಪ್ರಾಣಕ್ಕೂ ಆಸರೆಯಾಗುತ್ತದೆ. ಇದು ವಾದ ಹೇಗಾಯಿತು? ಇದನ್ನು ಒಪ್ಪದೆ ಇರುವುದಕ್ಕೂ ಅವಕಾಶ ಇದೆ. ಒಪ್ಪದವನ ಎದುರು ಇದನ್ನು ಸಾಧಿಸಲು ಕಥೆಯೊಳಗೆ ಸಾಮಗ್ರಿಯೂ ಇದೆ. ‘ನಾರಾಯಣ್ ಬೆಳಕು ಕತ್ತಲೆಗಳನ್ನು ಚೆನ್ನಾಗಿ ಬಳಸಿದ್ದಾರೆ’ ಎಂಬ ವಾಕ್ಯಕ್ಕೆ ಎದುರಾಡುವವರು ಯಾರೂ ಇಲ್ಲ, ಹಾಗಾಗಿ ಅದನ್ನು ಸಾಧಿಸುವ ಕೆಲಸವೂ ಇಲ್ಲ. ಸಾಧಿಸಲು ಏನೂ ಇಲ್ಲದಿದ್ದಾಗ ವಿದ್ಯಾರ್ಥಿ ಏನು ಮಾಡುತ್ತಾನೆ? ಪುಟ ತುಂಬಿಸಬೇಕಲ್ಲ, ಕಥೆ ಹೇಳುತ್ತಾನೆ.

ನಮ್ಮ ಕರಾವಳಿ, ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಲೇ ಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದಲ್ಲಿ ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳು, ಹಿಂದೆ ಪದ್ಯ ಹಾಡುವ ಭಾಗವತರು. ವಾಲಿವಧೆಯ ಪ್ರಸಂಗ ಎಂದಿಟ್ಟುಕೊಳ್ಳಿ. ವಾಲಿ ಸಾಯುತ್ತಾನೆ ಎಂದು ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಕಥೆ ಕೇಳಲು ಅಲ್ಲಿಗೆ ಯಾರೂ ಬರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಎಂದು ವಾಲಿ ಇವತ್ತು ಹೇಗೆ ಕೇಳುತ್ತಾನೆ, ರಾಮ ಇವತ್ತು ಏನೆಂದು ಉತ್ತರಿಸುತ್ತಾನೆ, ಅದಕ್ಕಾಗಿ ರಾತ್ರಿಯಿಡೀ ಕೂರುತ್ತಾರೆ. ಅರ್ಥಧಾರಿಗೆ ಬೇಕಾದಷ್ಟು ಸ್ವಾತಂತ್ರ್ಯವಿದೆ, ಆದರೆ ಅವನು ಭಾಗವತರು ಹಾಡಿದ ಪದ್ಯದ ಆವರಣ ಬಿಟ್ಟು ಓಡುವಂತಿಲ್ಲ. ಓಡಿದರೆ ಎದುರು ಕೂತವನು ಅದೇ ಪದ್ಯದ ಒಂದು ಶಬ್ದ ಹಿಡಿದು ಅವನನ್ನು ವಾಪಸು ಎಳೆಯುತ್ತಾನೆ. ಒಳ್ಳೆಯ ವಿಶ್ಲೇಷಣಾ ಪ್ರಬಂಧಕ್ಕೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತಿರುವ ಕಥೆ, ನನ್ನದೇ ಆದ ಅರ್ಥ, ಪಠ್ಯದ ಶಬ್ದದಲ್ಲೇ ಸಾಕ್ಷಿ, ಎದುರುವಾದಿಯ ಪ್ರಶ್ನೆಗೆ ಉತ್ತರ. ಎಲ್ಲವೂ ಅಲ್ಲಿದೆ.

ಬರೆಯುವ ಮೊದಲು ಎರಡು ಸಲ ಓದಿ ಎಂದು ನಾನು ಹೇಳಿದಾಗ ಮಕ್ಕಳು ಅದನ್ನು ಉಪದೇಶ ಎಂದುಕೊಳ್ಳುತ್ತಾರೆ. ಉಪದೇಶವಲ್ಲ, ಎರಡನೇ ಓದಿನಲ್ಲಿ ಕಥೆಯೇ ಬೇರೆಯಾಗುತ್ತದೆ. ಜೋಯಿಸ ಮುಂದಾಲೋಚನೆ ಇಲ್ಲದೆ ಹಳ್ಳಿ ಬಿಟ್ಟು ಬಂದವನು, ಬರದಿದ್ದರೆ ಹಿರಿಯರ ಹಾಗೆ ಹೊಲ ಗದ್ದೆ ನೋಡಿಕೊಂಡು ಇರುತ್ತಿದ್ದ ಎಂಬ ಅರ್ಥದ ಮಾತು ಕಥೆಯ ಮೊದಲ ಭಾಗದಲ್ಲೇ ಬರುತ್ತದೆ. ಮೊದಲ ಸಲ ಓದುವಾಗ ಅದು ಸಾಧಾರಣ ಪರಿಚಯದ ಮಾತು. ಕೊನೆ ಗೊತ್ತಾದ ಮೇಲೆ ಮತ್ತೆ ಓದಿದರೆ, ಅದು ಕೊಲೆ ಮಾಡಿದೆನೆಂದು ಭಯಬಿದ್ದು ಓಡಿಬಂದವನ ವಿಷಯ. ಅವನು ಮೋಸಗಾರ ಎಂಬುದನ್ನು ನಿರೂಪಕ ಮುಚ್ಚಿಡಲಿಲ್ಲ, ಮೊದಲೇ ಹೇಳಿಬಿಟ್ಟ. ಅಷ್ಟು ಬಿಚ್ಚುಮನಸ್ಸಿನ ನಿರೂಪಕ ಬೇರೇನನ್ನೂ ಬಚ್ಚಿಟ್ಟಿರಲಾರ ಎಂದು ನಾವು ನಂಬಿಬಿಡುತ್ತೇವೆ. ದೊಡ್ಡ ಗುಟ್ಟು ಉಳಿದದ್ದು ಆ ನಂಬಿಕೆಯ ಮರೆಯಲ್ಲಿ. ಜೋಯಿಸ ಗಿರಾಕಿಗಳಿಗೆ ಮಾಡುವುದನ್ನೇ ನಿರೂಪಕ ಓದುಗರಿಗೆ ಮಾಡಿದ್ದಾನೆ ಎಂದು ಒಬ್ಬ ವಿದ್ಯಾರ್ಥಿ ಬರೆದರೆ ನಾನು ಎದ್ದು ನಿಂತು ಅಂಕ ಕೊಡುತ್ತೇನೆ. ನಿರೂಪಕ ಎಂಬ ಮಾತನ್ನು ಬೇಕೆಂದೇ ಬಳಸಿದೆ. ‘ನಾರಾಯಣ್ ಹೇಳುತ್ತಾರೆ’ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಕಥೆಯೊಳಗಿನ ದನಿ ಬೇರೆ, ಮೈಸೂರಿನಲ್ಲಿ ಬಾಳಿದ ಲೇಖಕ ಬೇರೆ. ಇಬ್ಬರನ್ನು ಒಂದು ಮಾಡಿದರೆ ಈ ಬಗೆಯ ಸೂಕ್ಷ್ಮ ಕಾಣುವ ದಾರಿಯೇ ಮುಚ್ಚಿಹೋಗುತ್ತದೆ.

ಸಾಕ್ಷಿಯ ವಿಷಯಕ್ಕೆ ಬರೋಣ. ಇಂಗ್ಲಿಷ್ ತರಗತಿಯಲ್ಲಿ ಕೊಟೇಶನ್ ಹಾಕಿದರೆ ಅಂಕ ಜಾಸ್ತಿ ಎಂಬ ನಂಬಿಕೆ ಇದೆ. ಹಾಗಾಗಿ ಎಂಟು ಸಾಲು ಎತ್ತಿ ಹಾಕಿ, ‘ಇದು ಜೋಯಿಸನ ಗುಣವನ್ನು ತೋರಿಸುತ್ತದೆ’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾರೆ. ಲೆಕ್ಕ ತಿರುವುಮುರುವಾಗಬೇಕು. ಎತ್ತಿಕೊಳ್ಳುವುದು ನಾಲ್ಕು ಶಬ್ದ ಇರಲಿ, ಅದರ ಬಗ್ಗೆ ಹೇಳುವುದು ನಾಲ್ಕು ವಾಕ್ಯ ಇರಲಿ. ಎತ್ತಿಕೊಂಡ ಮಾತು ನಿಮ್ಮ ವಾಕ್ಯದ ಒಳಗೇ ಹೊಲಿದುಕೊಂಡು ಬರಬೇಕು, ಪುಟದ ಮಧ್ಯದಲ್ಲಿ ಒಂಟಿಯಾಗಿ ಬಿದ್ದಿರಬಾರದು. ಮುಖ್ಯವಾಗಿ, ಈ ಶಬ್ದವೇ ಯಾಕೆ, ಇದರ ಬದಲು ಇನ್ನೊಂದು ಶಬ್ದ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು ಎಂಬುದಕ್ಕೆ ಉತ್ತರ ಬೇಕು.

ನಮ್ಮ ಹಿರಿಯರು ಇದನ್ನು ಸಾವಿರ ವರ್ಷಕ್ಕೂ ಹಿಂದೆ ಅರೆದು ಕುಡಿದಿದ್ದರು. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯ ಬಗ್ಗೆ, ಅಂದರೆ ಶಬ್ದ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥದ ಬಗ್ಗೆ ಬರೆದ ‘ಧ್ವನ್ಯಾಲೋಕ’ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಗಂಗೆಯ ಮೇಲೆ ಒಂದು ಹಳ್ಳಿ ಇದೆ ಎಂಬ ಮಾತನ್ನು ಅಲಂಕಾರಶಾಸ್ತ್ರದ ಮೇಷ್ಟ್ರುಗಳು ಇವತ್ತಿಗೂ ಉದಾಹರಣೆ ಕೊಡುತ್ತಾರೆ. ಹರಿಯುವ ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡದ ಮೇಲೆ ಎಂದು ಅರ್ಥ. ಹಾಗಾದರೆ ನೇರವಾಗಿ ದಡ ಎಂದೇ ಹೇಳಬಹುದಿತ್ತಲ್ಲ? ದಡ ಎಂದಿದ್ದರೆ ಆ ಹಳ್ಳಿಯ ತಂಪೂ ಪಾವಿತ್ರ್ಯವೂ ಹೊಳೆಯುತ್ತಿರಲಿಲ್ಲ. ನೀರಿನ ಮೇಲೆ ಎಂಬುದು ವಾಚ್ಯ, ದಡ ಎಂಬುದು ಲಕ್ಷ್ಯ, ತಂಪು ಪಾವಿತ್ರ್ಯ ಎಂಬುದು ವ್ಯಂಗ್ಯ, ಹೀಗೆ ಮೂರು ಮೆಟ್ಟಿಲು. ಸಾರಾಂಶ ಬರೆಯುವವನು ಮೊದಲ ಮೆಟ್ಟಿಲಿನಲ್ಲಿ ನಿಂತಿರುತ್ತಾನೆ, ವಿಶ್ಲೇಷಣೆ ಇರುವುದು ಮೂರನೆಯದರಲ್ಲಿ. ಕೇಂಬ್ರಿಜ್‌ನಲ್ಲಿ ಎಫ್.ಆರ್. ಲೀವಿಸ್ ಅವರ ಬಳಿ ಕಲಿತು ಬಂದು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದ ಸಿ.ಡಿ. ನರಸಿಂಹಯ್ಯನವರು 1979ರಲ್ಲಿ ತಾವು ಕಟ್ಟಿದ ಸಾಹಿತ್ಯ ಕೇಂದ್ರಕ್ಕೆ ಧ್ವನ್ಯಾಲೋಕ ಎಂದೇ ಹೆಸರಿಟ್ಟರು. ಅವರ ಪಾಲಿಗೆ ಕೇಂಬ್ರಿಜ್‌ನಲ್ಲಿ ಕಲಿತ ಓದೂ ಧ್ವನಿಯ ಓದೂ ಒಂದೇ ವಿದ್ಯೆಯಾಗಿತ್ತು.

ಹೀಗೆ ಓದುವುದು ನಮ್ಮ ಮಕ್ಕಳಿಗೆ ಮಾತ್ರ ಕಷ್ಟ, ಇಂಗ್ಲಿಷ್ ಮನೆಮಾತಾಗಿದ್ದವರಿಗೆ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐ.ಎ. ರಿಚರ್ಡ್ಸ್ ಎಂಬ ಮೇಷ್ಟ್ರು 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಕವಿಯ ಹೆಸರಿಲ್ಲದೆ, ಕಾಲದ ಸುಳಿವಿಲ್ಲದೆ ಕವಿತೆಗಳನ್ನು ಅಚ್ಚು ಹಾಕಿಸಿ ಹಂಚಿ, ನಿಮಗೆ ಅನ್ನಿಸಿದ್ದನ್ನು ಬರೆದು ತನ್ನಿ ಎಂದರು. ಬಂದ ಬರಹಗಳನ್ನು ಜೋಡಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ಮಾಡಿದರು. ಹದಿಮೂರು ಕವಿತೆಗಳು. ಒಳ್ಳೆಯ ಶಾಲೆಗಳಲ್ಲಿ ಓದಿ ಬಂದ ಆ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಕವಿತೆಯ ನೇರ ಅರ್ಥವೇ ಆಗಿರಲಿಲ್ಲ. ಇನ್ನು ಕೆಲವರು ಕವಿತೆಯಲ್ಲಿ ಇಲ್ಲದ್ದನ್ನು, ತಮ್ಮ ತಲೆಯಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಗಳನ್ನು ಬರೆದಿದ್ದರು. ದೊಡ್ಡ ಕವಿಯ ಹೆಸರು ಮೇಲೆ ಇದ್ದಿದ್ದರೆ ಹೊಗಳುತ್ತಿದ್ದರು, ಹೆಸರು ತೆಗೆದ ಕೂಡಲೇ ದಾರಿ ತಪ್ಪಿದರು. ‘ನಾರಾಯಣ್ ಮಹಾನ್ ಲೇಖಕ’ ಎಂದು ಶುರುವಾಗುವ ಉತ್ತರಗಳನ್ನು ನೋಡುವಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ. ಹೆಸರಿನ ಗೌರವ ಓದುವ ಶ್ರಮವನ್ನು ತಪ್ಪಿಸುತ್ತದೆ.

ಮನಸ್ಸಿಗೆ ಬಂದದ್ದನ್ನು ಬರೆಯುವುದಕ್ಕೂ ಕಂಡದ್ದನ್ನು ಬರೆಯುವುದಕ್ಕೂ ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಹೂ ಮಾರುವ ತಾಯಿಯ ಮಗಳಿಗೆ ಎರವಲು ಬೆಳಕು ಕಂಡಿತು. ಅವಳ ಬದುಕು ಅವಳಿಗೆ ಕಣ್ಣು ಕೊಟ್ಟಿತು. ಆದರೆ ಪ್ರಬಂಧದಲ್ಲಿ ಅವಳು ತನ್ನ ತಾಯಿಯ ಬಗ್ಗೆ ಬರೆಯಲಿಲ್ಲ, ಜೋಯಿಸನ ಬಗ್ಗೆ ಬರೆದಳು. ಅನುಭವ ನಮ್ಮನ್ನು ಪಠ್ಯದ ಬಾಗಿಲವರೆಗೆ ಕರೆದುಕೊಂಡು ಹೋಗಬೇಕು, ಒಳಗೆ ಹೋದ ಮೇಲೆ ಮಾತಾಡಬೇಕಾದದ್ದು ಅಲ್ಲಿರುವ ಶಬ್ದಗಳು.

ಪ್ಯಾರಾಗಳ ಜೋಡಣೆ ವಿಚಾರದಲ್ಲಿ ನಾನು ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ. ಬರೆದು ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಗೆ ಇಳಿಸಿಕೊಳ್ಳಿ. ಅವನ್ನು ಒಟ್ಟಿಗೆ ಓದಿದಾಗ ಕಥೆ ಕೇಳಿದ ಹಾಗಾದರೆ ಅದು ಸಾರಾಂಶ, ವಾದ ಕೇಳಿದ ಹಾಗಾದರೆ ಅದು ಪ್ರಬಂಧ. ‘ಆಮೇಲೆ’, ‘ನಂತರ’, ‘ಆಗ’ ಎಂದು ಪ್ಯಾರಾ ಶುರುವಾದರೆ ಕಥೆಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದೆ. ಬೆಳಕಿನ ಬಗ್ಗೆ ಬರೆಯುವವರು ಕಥೆಯ ಮೊದಲಿನಿಂದ ಶುರು ಮಾಡಲೇಬೇಕೆಂದಿಲ್ಲ. ಬೆಂಕಿಕಡ್ಡಿಯಿಂದ ಶುರು ಮಾಡಿ, ಪಂಜಿಗೆ ಹಿಂದಿರುಗಿ, ಕಣ್ಣಿನ ಹೊಳಪಿಗೆ ಬರಬಹುದು. ಕ್ರಮ ನಿರ್ಧಾರವಾಗಬೇಕಾದದ್ದು ನಿಮ್ಮ ವಾದದ ಅಗತ್ಯದಿಂದ.

ಎದುರು ಸಾಕ್ಷಿ ಕಂಡರೆ ಅದನ್ನು ಬಚ್ಚಿಡಬಾರದು. ಅದರ ಮೇಲೆ ನಿಂತೇ ಪ್ರಬಂಧ ಗಟ್ಟಿಯಾಗುತ್ತದೆ. ನಮ್ಮ ವಾದದಲ್ಲಿ ಜೋಯಿಸನಿಗೆ ಅಪರಾಧದ ನೆನಪು ಇದೆ ಎಂದೆವು. ಹಾಗಿದ್ದರೆ ಮನೆಯ ದೃಶ್ಯವನ್ನು ಏನು ಮಾಡುವುದು? ಅವನು ಕಾಸನ್ನು ಹೆಂಡತಿಯ ಕಡೆ ಎಸೆದು ಎಣಿಸು ಎನ್ನುತ್ತಾನೆ. ಹನ್ನೆರಡೂವರೆ ಆಣೆ. ಬೆಲ್ಲ, ತೆಂಗಿನಕಾಯಿ ತರಬಹುದು, ಮಗು ಸಿಹಿ ಕೇಳುತ್ತಿದೆ ಎಂದು ಅವಳಿಗೆ ಹಿಗ್ಗು. ಇವನಿಗೆ ಮಾತ್ರ ಸಿಟ್ಟು, ಗಿರಾಕಿ ಒಂದು ರೂಪಾಯಿ ಎಂದು ಮಾತು ಕೊಟ್ಟು ಮೋಸ ಮಾಡಿದನಲ್ಲ ಎಂದು. ಹದಿನಾರು ಆಣೆಗೆ ಒಂದು ರೂಪಾಯಿ ಇದ್ದ ಕಾಲ ಅದು. ಮೂರೂವರೆ ಆಣೆ ಕಡಿಮೆ. ತಾನೇ ಚೂರಿ ಹಾಕಿದ ಮನುಷ್ಯ, ತಾನೇ ಈಗಷ್ಟೆ ಸುಳ್ಳು ಹೇಳಿ ಸಾಗಹಾಕಿದ ಮನುಷ್ಯ, ಅವನು ಮೂರೂವರೆ ಆಣೆ ಮೋಸ ಮಾಡಿದ ಎಂದು ಬೈಯುತ್ತಾನೆ. ಆಮೇಲೆ, ಇಷ್ಟು ವರ್ಷ ತಲೆಯ ಮೇಲಿದ್ದ ದೊಡ್ಡ ಭಾರ ಇವತ್ತು ಇಳಿಯಿತು ಎನ್ನುತ್ತಾನೆ. ಹೆಂಡತಿ ಬೆಚ್ಚಿಬೀಳುತ್ತಾಳೆ. ಈಗ ಅದೆಲ್ಲ ಯಾಕೆ, ಮಲಗುವ ಹೊತ್ತಾಯಿತು ಎಂದು ಆಕಳಿಸಿ ಜಗಲಿಯ ಮೇಲೆ ಮೈ ಚಾಚುತ್ತಾನೆ.

ಇದು ಪಶ್ಚಾತ್ತಾಪವೇ? ಅಥವಾ ಸಿಕ್ಕಿಬೀಳುವ ಭಯ ಹೋಯಿತು ಎಂಬ ನಿರಾಳವೇ? ಇಷ್ಟು ವರ್ಷ ರಕ್ತದ ಕಲೆಯನ್ನು ಹೊತ್ತು ತಿರುಗಿದವನಿಗೆ ಇಷ್ಟು ಬೇಗ ನಿದ್ದೆ ಬರುವುದಾದರೂ ಹೇಗೆ? ಭಾರ ಎಷ್ಟಿತ್ತೆಂದರೆ ಇಳಿದ ಕೂಡಲೇ ನಿದ್ದೆ ಬಂತು ಎಂದು ಒಬ್ಬರು ವಾದಿಸಬಹುದು. ಇವನ ಲೆಕ್ಕದಲ್ಲಿ ಕೊಲೆಯೂ ಮೂರೂವರೆ ಆಣೆಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ ಎಂದು ಇನ್ನೊಬ್ಬರು ವಾದಿಸಬಹುದು. ನನಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ. ಹೆಂಡತಿಯ ಬೆಚ್ಚುವಿಕೆಯನ್ನು ಕಥೆ ಅಲ್ಲೇ ಬಿಟ್ಟುಬಿಡುತ್ತದೆ, ಅವಳಿಗೆ ಸಮಾಧಾನ ಸಿಗುವುದಿಲ್ಲ. ಅವನು ಮಲಗಿದ ಮೇಲೂ ಎಚ್ಚರವಿರುವವಳು ಅವಳು, ಅವಳ ಜೊತೆ ನಾವು. ಒಪ್ಪದವರು ಆಕಳಿಕೆಯನ್ನು ಬೇರೆ ರೀತಿ ಓದಿ ತೋರಿಸಲಿ, ನಾನು ಕೇಳಲು ಸಿದ್ಧ. ಗೈಡಿನಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ.

ಭಾಷೆಯ ಮಾತು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ನಮ್ಮ ಮಕ್ಕಳು ಅದನ್ನೇ ಮೊದಲು ಹೇಳುತ್ತಾರೆ. “ಸರ್, ಹೇಳೋಕೆ ಇದೆ, ಇಂಗ್ಲಿಷ್ ಬರಲ್ಲ.” ನನ್ನ ಉತ್ತರ: ಮೊದಲು ಕನ್ನಡದಲ್ಲೇ ಜಗಳ ಆಡು. ಸ್ನೇಹಿತೆಯ ಎದುರು ಕೂತು, ಈ ಜೋಯಿಸ ಒಳ್ಳೆಯವನೋ ಕೆಟ್ಟವನೋ ಎಂದು ವಾದ ಮಾಡು. ನಿನ್ನ ಮಾತಿಗೆ ಅವಳು ‘ಎಲ್ಲಿದೆ ತೋರಿಸು’ ಅಂದಾಗ ಪುಸ್ತಕ ತಿರುವಿ ಬೆರಳಿಟ್ಟು ತೋರಿಸು. ಆ ವಾದ ನಿನ್ನದಾದ ಮೇಲೆ ಇಂಗ್ಲಿಷಿಗೆ ಇಳಿಸು, ಸಣ್ಣ ವಾಕ್ಯಗಳಲ್ಲಿ. ಕಥೆಯ ಘಟನೆಗಳನ್ನು ಇಂಗ್ಲಿಷಿನಲ್ಲಿ ವರ್ತಮಾನ ಕಾಲದಲ್ಲೇ ಬರೆಯುವುದು ರೂಢಿ, ಪುಸ್ತಕ ತೆರೆದಾಗಲೆಲ್ಲ ಅವು ಮತ್ತೆ ನಡೆಯುತ್ತವೆ ಎಂಬ ಲೆಕ್ಕ. ಬ್ಯೂಟಿಫುಲ್, ವೆರಿ ನೈಸ್ಲಿ ಎಂಬ ಹೊಗಳಿಕೆಗಳನ್ನು ಹೊಡೆದುಹಾಕು. ವ್ಯಾಕರಣದ ತಪ್ಪನ್ನು ನಾನು ತಿದ್ದಬಲ್ಲೆ, ಇಲ್ಲದ ವಿಚಾರವನ್ನು ತಿದ್ದಲು ನನ್ನಿಂದಾಗದು.

ಹಾಗೆ ಎರಡು ಭಾಷೆಗಳ ನಡುವೆ ಓಡಾಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಬಿ.ಎಂ. ಶ್ರೀಕಂಠಯ್ಯ, ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಜಿ.ಎಸ್. ಆಮೂರ, ಕೀರ್ತಿನಾಥ ಕುರ್ತಕೋಟಿ, ಇವರೆಲ್ಲ ಹೊಟ್ಟೆಪಾಡಿಗೆ ಇಂಗ್ಲಿಷ್ ಮೇಷ್ಟ್ರು. ತರಗತಿಯಲ್ಲಿ ಇಂಗ್ಲಿಷ್ ಪಠ್ಯಗಳನ್ನು ಬಿಡಿಸುತ್ತಾ ಕಲಿತ ಓದನ್ನು ಕನ್ನಡಕ್ಕೆ ತಂದು ಕೊಟ್ಟರು. ಅವರು ತಂದ ದಾರಿಯಲ್ಲೇ ನಮ್ಮ ಮಕ್ಕಳು ಕನ್ನಡದಿಂದ ಇಂಗ್ಲಿಷಿನ ಕಡೆಗೆ ನಡೆದು ಹೋಗಬಹುದು. ಇನ್ನೊಂದು ವಿಷಯವನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಈ ಕಥೆ ಬರೆದ ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿದ್ದರು. ಹಿಂದಿನ ಬೆಂಚಿನಲ್ಲಿ ಕೂತವರ ಮುಖ ಆಗ ಮೇಲೇಳುತ್ತದೆ.

ಇದನ್ನು ಓದುತ್ತಿರುವ ನನ್ನ ಸಹೋದ್ಯೋಗಿಗಳಲ್ಲಿ, ಪಿಯು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರಲ್ಲಿ ಒಂದು ಬೇಡಿಕೆ. ಮುಂದಿನ ಕಿರುಪರೀಕ್ಷೆಯಲ್ಲಿ ಯಾವ ಗೈಡಿನಲ್ಲೂ ಉತ್ತರ ಸಿಗದ ಒಂದೇ ಒಂದು ಪ್ರಶ್ನೆ ಹಾಕಿ. ಜೋಯಿಸ ಯಾಕೆ ಆಕಳಿಸಿದ ಎಂದು ಕೇಳಿ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ. ತಪ್ಪು ಇಂಗ್ಲಿಷಿನಲ್ಲಿ ಬಂದರೂ ಸರಿಯೇ, ಸ್ವಂತದ್ದು ಎಂದು ಕಂಡ ಸಾಲಿಗೆ ಅಂಕ ಕೊಡಿ. ಆ ಹೂ ಮಾರುವವರ ಮಗಳಿಗೆ ನಾನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ.